ಫೋನು ತಿರಸ್ಕರಿಸಿದ ನಾಡಿ

2023ರಲ್ಲಿ ನಾನು ವಿಕ್ರೋಳಿಯ ಒಂದು ಸಣ್ಣ ಕಂಪನಿಯಲ್ಲಿ ಸಿಗ್ನಲ್ ರಿವ್ಯೂವರ್, ಅಂದರೆ ನಾಡಿಯ ಗೆರೆಗಳನ್ನು ಪರಿಶೀಲಿಸುವವಳು, ಆಗಿದ್ದೆ. ಅದಕ್ಕೂ ಮೊದಲು ಮೂವತ್ತೊಂದು ವರ್ಷ ಮುಂಬಯಿಯ ಮಹಾನಗರಪಾಲಿಕೆಯ ಆಸ್ಪತ್ರೆಯೊಂದರಲ್ಲಿ ಇಸಿಜಿ ಟೆಕ್ನಿಷಿಯನ್ ಆಗಿ ದುಡಿದು ನಿವೃತ್ತಳಾಗಿದ್ದೆ. ಉಡುಪಿ ಕಡೆಯಿಂದ ಮದುವೆಯಾಗಿ ಈ ಊರಿಗೆ ಬಂದವಳು ನಾನು. ಗಂಡ ತೀರಿಕೊಂಡ ಮೇಲೆ ಬೊರಿವಲಿಯ ಮನೆಯಲ್ಲಿ ಒಬ್ಬಳೇ ಕೂತು ಎಂಟು ತಿಂಗಳು ಕಳೆದೆ. ಮತ್ತೆ ಕೆಲಸಕ್ಕೆ ಕರೆ ಬಂದಾಗ ಸಂಬಳವೆಷ್ಟೆಂದು ಕೇಳುವುದನ್ನೂ ಮರೆತು ಒಪ್ಪಿಕೊಂಡೆ. ದಿನವೂ ಬೊರಿವಲಿಯಿಂದ ದಾದರ್, ದಾದರಿನಲ್ಲಿ ಲೋಕಲ್ ಬದಲಿಸಿ ವಿಕ್ರೋಳಿ. ಆ ನೂಕುನುಗ್ಗಲಿನಲ್ಲಿಯೂ ನನಗೆ ಒಂದು ನೆಮ್ಮದಿಯಿತ್ತು. ಎಲ್ಲಿಯೋ ಯಾರೋ ನನ್ನ ದಾರಿ ಕಾಯುತ್ತಿದ್ದಾರೆ ಎಂಬ ನೆಮ್ಮದಿ.

ಕಂಪನಿಯ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಮೊಬೈಲಿನ ಹಿಂದಿನ ಕ್ಯಾಮೆರಾದ ಮೇಲೆ ಬೆರಳಿಟ್ಟು ಪಕ್ಕದ ಫ್ಲ್ಯಾಶ್ ದೀಪ ಉರಿಸಿದರೆ ಪರದೆ ಪೂರ್ತಿ ಕೆಂಪಾಗುತ್ತದೆ. ಗುಂಡಿಗೆ ಬಡಿದಾಗಲೆಲ್ಲ ಬೆರಳ ತುದಿಗೆ ಒಂದಿಷ್ಟು ರಕ್ತ ನುಗ್ಗುತ್ತದೆ. ಆಗ ಆ ಕೆಂಪು ಒಂದು ಕೂದಲೆಳೆಯಷ್ಟು ಗಾಢವಾಗುತ್ತದೆ, ಮರುಕ್ಷಣ ತಿಳಿಯಾಗುತ್ತದೆ. ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ಆ ಏರಿಳಿತವನ್ನು ಗೆರೆಯಾಗಿ ಬಿಡಿಸಿದರೆ ಅಲೆಗಳ ಸಾಲು ಸಿಗುತ್ತದೆ. ಒಂದು ನಿಮಿಷದ ಅಲೆಗಳನ್ನು ಎಣಿಸಿದರೆ ಅದೇ ನಾಡಿ. ಇಷ್ಟೇ ತತ್ವ. ಕಷ್ಟವೆಲ್ಲ ಕೈ ಅಲುಗಿದಾಗ. ಬೆರಳು ಕೊಂಚ ಜಾರಿದರೂ ಅಲೆಗಳು ಕೆಡುತ್ತವೆ. ಅದಕ್ಕಾಗಿ ಆ್ಯಪ್‌ನೊಳಗೆ ಒಂದು ಫಿಲ್ಟರ್ ಇತ್ತು. ರೆಕಾರ್ಡಿಂಗ್ ಚೆನ್ನಾಗಿದ್ದರೆ ಪರದೆಯಲ್ಲಿ ಹಸಿರು ಗುರುತು ಮತ್ತು ನಾಡಿಯ ಸಂಖ್ಯೆ. ಕೆಟ್ಟಿದ್ದರೆ ಕೆಂಪು ಗುರುತು, ಮತ್ತೆ ಪ್ರಯತ್ನಿಸಿ ಎಂಬ ಸೂಚನೆ. ತಿರಸ್ಕೃತವಾದ ರೆಕಾರ್ಡಿಂಗುಗಳೆಲ್ಲ ಕಂಪ್ಯೂಟರಿನ ಒಂದು ಫೋಲ್ಡರಿಗೆ ಹೋಗಿ ಬೀಳುತ್ತಿದ್ದವು. ಆಫೀಸಿನಲ್ಲಿ ಅದನ್ನು ‘ಕಚರಾ’, ಕಸ, ಎಂದೇ ಕರೆಯುತ್ತಿದ್ದರು. ಅದನ್ನು ಯಾರೂ ತೆರೆಯುತ್ತಿರಲಿಲ್ಲ.

ಧಾರಾವಿಯ ಸಣ್ಣ ಕಾರ್ಖಾನೆಗಳ ಕೆಲಸಗಾರರ ಮೇಲೆ ಆಗ ಪ್ರಯೋಗ ನಡೆದಿತ್ತು. ಅವರು ದಿನಕ್ಕೆ ಎರಡು ಸಲ ತಮ್ಮ ತಮ್ಮ ಫೋನಿನಲ್ಲಿ ನಾಡಿ ಅಳೆಯಬೇಕು. ನಾನು ವಾರಕ್ಕೊಮ್ಮೆ ಪುಟ್ಟ ಇಸಿಜಿ ಯಂತ್ರ ಹೊತ್ತು ಅಲ್ಲಿಗೆ ಹೋಗಿ ಅವರ ಇಸಿಜಿ ತೆಗೆದು, ಆ್ಯಪ್ ಹೇಳುವುದಕ್ಕೂ ಅದಕ್ಕೂ ಹೊಂದುತ್ತದೆಯೇ ಎಂದು ನೋಡಬೇಕು. ಅಲ್ಲಿಯೇ ನನಗೆ ಮೌಲಾಸಾಬರ ಪರಿಚಯವಾದದ್ದು. ಐವತ್ತು ದಾಟಿದ ವಯಸ್ಸು, ವಿಜಯಪುರ ಜಿಲ್ಲೆಯ ತಾಳಿಕೋಟೆಯ ಹತ್ತಿರದವರು, ಚರ್ಮದ ಬ್ಯಾಗು ಹೊಲಿಯುವ ಕಾರೀಗರ. ನಾನು ಕನ್ನಡದವಳೆಂದು ತಿಳಿದ ದಿನವೇ ಕೂರಲು ತಮ್ಮ ಸ್ಟೂಲನ್ನು ಒರೆಸಿ ಕೊಟ್ಟಿದ್ದರು. ಬಣ್ಣ ಕುಡಿದು ದಪ್ಪಗಟ್ಟಿದ ಅವರ ಹೆಬ್ಬೆರಳು, ತೋರುಬೆರಳು ಕ್ಯಾಮೆರಾಕ್ಕೆ ಒಗ್ಗುತ್ತಿರಲಿಲ್ಲ. ಎಡಗೈಯ ಉಂಗುರದ ಬೆರಳು ಇಡಿ ಎಂದು ತೋರಿಸಿಕೊಟ್ಟ ಮೇಲೆ ಅವರ ರೆಕಾರ್ಡಿಂಗುಗಳೆಲ್ಲ ಹಸಿರು.

ನವೆಂಬರಿನಲ್ಲಿ ವಿಚಿತ್ರವೊಂದು ಕಂಡಿತು. ಮೌಲಾಸಾಬರ ಖಾತೆಯಿಂದ ದಿನಕ್ಕೆ ಎರಡರ ಬದಲು ನಾಲ್ಕು, ಐದು ರೆಕಾರ್ಡಿಂಗು ಬರುತ್ತಿದ್ದವು. ಎರಡು ಮಾತ್ರ ಹಸಿರು, ಉಳಿದವು ತಿರಸ್ಕೃತ. ಅವೂ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಅವರು ಹೊಲಿಗೆ ಮಷೀನಿನ ಮುಂದೆ ಕೂತಿರುವ ವೇಳೆಗೆ. ಒಂದು ಖಾತೆಯನ್ನು ಒಬ್ಬರೇ ಬಳಸಬೇಕೆಂಬುದು ಪ್ರಯೋಗದ ನಿಯಮ. ಮುರಿದವರನ್ನು ಕೈಬಿಡಬೇಕು. ಅದನ್ನೇ ತಿಳಿಸಲೆಂದು ಒಂದು ಗುರುವಾರ ಧಾರಾವಿಗೆ ಹೋದೆ.

ಕೇಳಿದ ಕೂಡಲೇ ಅವರು ಮಷೀನು ನಿಲ್ಲಿಸಿ ಎದ್ದು ನಿಂತರು.

“ತಪ್ಪ ಆಗ್ಯಾದ ಅಕ್ಕಾರ. ಆ ಬೆರಳ ನಂದಲ್ಲ. ನಮ್ಮನಿಯವ್ರದು. ಊರಾಗಿಂದ.”

ತಮ್ಮ ಫೋನಿನಲ್ಲಿದ್ದ ಆ್ಯಪನ್ನು ಹೆಂಡತಿಯ ಫೋನಿಗೆ ಕಳಿಸಿ, ತಮ್ಮದೇ ನಂಬರಿನಿಂದ ಅದನ್ನು ತೆರೆಸಿದ್ದರು. ಪಕ್ಕದ ಮನೆಯ ಕಾಲೇಜು ಹುಡುಗಿ ಆಕೆಗೆ ಬೆರಳಿಡುವುದನ್ನು ಹೇಳಿಕೊಟ್ಟಿದ್ದಳು. ಹೆಂಡತಿಯ ಹೆಸರು ಹುಸೇನಬಿ.

“ಯಾಕೆ ಹೀಗೆ ಮಾಡಿದಿರಿ?” ಎಂದೆ.

“ದಿನಾ ಫೋನ್ ಮಾಡ್ತೀನ್ರಿ. ಹೆಂಗ ಅದೀ ಅಂದ್ರ ಚಲೋ ಅದೀನಿ ಅಂತಾಳ. ಇಪ್ಪತ್ತೇಳು ವರ್ಷ ಆತು, ಬರೇ ಚಲೋ ಅದೀನಿ. ಈಗೀಗ ಮಾತಾಡೂವಾಗ ನಡಕ ನಿಂತು ಉಸುರು ತಗೋತಾಳ. ವಿಡಿಯೋ ಹಚ್ಚು ಅಂದ್ರ ಕತ್ತಲದಾಗ ಹೋಗಿ ಕುಂಡರ್ತಾಳ.” ಮತ್ತೆ ಹೇಳಿದರು: “ಬಾಯಂತೂ ಹೇಳೂದಿಲ್ಲ. ಬೆರಳರ ಹೇಳೀತು ಅಂತ ಮಾಡ್ದೆ.”

ಊರಲ್ಲಿಯೇ ಡಾಕ್ಟರಿಗೆ ತೋರಿಸಿ, ಇದು ಪರೀಕ್ಷೆಯಲ್ಲಿರುವ ಆ್ಯಪ್, ಡಾಕ್ಟರ್ ಅಲ್ಲ ಎಂದೆ. ಅವರ ತಾಯಿಗೆ ಲಕ್ವಾ ಹೊಡೆದು ಆರು ವರ್ಷದಿಂದ ಹಾಸಿಗೆಯಲ್ಲಿದ್ದಾರೆ, ಅತ್ತೆಯನ್ನು ಬಿಟ್ಟು ಹುಸೇನಬಿ ಎಲ್ಲಿಗೂ ಕದಲುವುದಿಲ್ಲ ಎಂದರು.

“ನನ್ನ ತಗದು ಹಾಕ್ರಿ ಬೇಕಾದ್ರ. ಆಕಿದು ಒಂದೀಟು ನೋಡ್ರಿ ಅಕ್ಕಾರ. ಯಾಕ ದಿನಾ ಕೆಂಪ ಬರ್ತದ?”

ನಾನು ನೋಡಲಿಲ್ಲ. ಹೊರಟುಬಿಡುವ ಅವಸರದಲ್ಲಿ, ಹೊಸಬರಿಗೆಲ್ಲ ಹೇಳುವ ಮಾತುಗಳನ್ನೇ ಹೇಳಿದೆ. ಕೈ ತಣ್ಣಗಿದ್ದರೆ ಉಜ್ಜಿಕೊಳ್ಳಲಿ, ಬೆರಳನ್ನು ಗಟ್ಟಿ ಒತ್ತಬಾರದು, ಮೊಣಕೈಯನ್ನು ನೆಲಕ್ಕೆ ಆನಿಸಿಕೊಳ್ಳಲಿ. ಅವರು ಒಂದೊಂದಕ್ಕೂ ತಲೆಯಾಡಿಸಿ, ಬಾಯಲ್ಲಿ ಒಮ್ಮೆ ಹೇಳಿಕೊಂಡರು. ಆಫೀಸಿಗೆ ಬಂದು ಅವರ ಖಾತೆಯ ಎದುರು ‘ಅಳಿಸಬೇಕು’ ಎಂದು ಗುರುತು ಹಾಕಿದೆ. ಆ ವಾರ ತಿಂಗಳ ವರದಿಯ ಗಡಿಬಿಡಿ. ಅಳಿಸುವ ಕೆಲಸ ಮುಂದೆ ಬಿತ್ತು.

ಹತ್ತು ದಿನ ಹಾಗೇ ಹೋದವು. ಈ ಹತ್ತು ದಿನಗಳ ಲೆಕ್ಕವನ್ನು ನಾನು ಇಂದಿಗೂ ಯಾರ ಮೇಲೂ ಹಾಕಲಾರೆ.

ಹನ್ನೊಂದನೆಯ ದಿನ, ಒಂದು ಸೋಮವಾರ ಬೆಳಿಗ್ಗೆ, ಅಳಿಸಲೆಂದೇ ಆ ಫೋಲ್ಡರ್ ತೆರೆದೆ. ಮೌಲಾಸಾಬರ ಖಾತೆಯ ನಲವತ್ತಮೂರು ತಿರಸ್ಕೃತ ರೆಕಾರ್ಡಿಂಗುಗಳಿದ್ದವು. ನಾನು ಹೋಗಿ ಬಂದ ನಂತರದ ದಿನಗಳಲ್ಲಿ ಅವು ಇನ್ನಷ್ಟು ಹೆಚ್ಚಿದ್ದವು. ಮತ್ತೆ ಪ್ರಯತ್ನಿಸಿ ಎಂದಾಗಲೆಲ್ಲ ಆ ಹೆಂಗಸು ಪ್ರಯತ್ನಿಸಿದ್ದಳು. ಒಂದನ್ನು ತೆರೆದೆ. ಮೂವತ್ತೊಂದು ವರ್ಷದ ಅಭ್ಯಾಸ ನೋಡಿ, ಕೈ ಅಳಿಸುವ ಗುಂಡಿಯ ಮೇಲೆ ಹೋಗಲಿಲ್ಲ. ಇನ್ನೊಂದನ್ನು ತೆರೆದೆ, ಮತ್ತೊಂದನ್ನು ತೆರೆದೆ. ಹನ್ನೆರಡರಲ್ಲೂ ಅದೇ ಬಗೆಯ ಗೆರೆ.

ಪಕ್ಕದ ಮೇಜಿನಲ್ಲಿದ್ದ ಪ್ರಜ್ಞಾಳನ್ನು ಕರೆದೆ. ಫಿಲ್ಟರ್ ಬರೆದ ಎಂಜಿನಿಯರ್ ಅವಳೇ. ಅಪ್ಪ ಅಮ್ಮ ಮಂಗಳೂರಿನವರು, ಇವಳು ಹುಟ್ಟಿ ಬೆಳೆದದ್ದು ಮುಲುಂದಿನಲ್ಲಿ. ಕನ್ನಡ ಅರ್ಥವಾಗುತ್ತದೆ, ಮಾತು ಅರ್ಧ ದಾರಿಗೆ ಹಿಂದಿಗೆ ಹೊರಳುತ್ತದೆ.

“ಆಂಟಿ, ಇದು ನಾಯ್ಸ್ ಅಲ್ವಾ? ಹಾಥ್ ಹಿಲ್ ಗಯಾ ಹೋಗಾ.”

“ಕೈ ಅಲುಗಿದರೆ ಅಲೆಯ ಆಕಾರವೇ ಹಾಳಾಗ್ತದೆ ಪ್ರಜ್ಞಾ. ಇಲ್ಲಿ ಒಂದೊಂದು ಅಲೆಯೂ ಚಂದ ಉಂಟು ನೋಡು. ಹಾಳಾದದ್ದು ನಡುವಿನ ಅಂತರ ಮಾತ್ರ. ಒಂದು ಬೇಗ ಬರ್ತದೆ, ಒಂದು ತಡವಾಗಿ. ತಡವಾಗಿ ಬಂದದ್ದು ಎತ್ತರ ಉಂಟು, ಬೇಗ ಬಂದದ್ದು ಗಿಡ್ಡ. ಕೈ ಅಲುಗಿದರೆ ಇಷ್ಟು ಶಿಸ್ತು ಇರ್ತದಾ?”

ಆಕೆ ಕುರ್ಚಿ ಎಳೆದುಕೊಂಡು ಕೂತಳು. ಫಿಲ್ಟರಿನ ಒಂದು ನಿಯಮ ಹೀಗಿತ್ತು: ಎರಡು ಬಡಿತಗಳ ನಡುವಿನ ಅಂತರ ಹಿಂದಿನದಕ್ಕಿಂತ ಬಹಳ ಬೇರೆಯಾಗಿದ್ದರೆ, ಅದು ಕೈ ಅಲುಗಿದ್ದು ಎಂದು ತಿಳಿ. ಆರೋಗ್ಯವಂತರಿಗೆ ಈ ನಿಯಮ ಸರಿ. ಆದರೆ ಏಟ್ರಿಯಲ್ ಫಿಬ್ರಿಲೇಷನ್ ಎಂಬ ತೊಂದರೆಯಿದೆ. ಗುಂಡಿಗೆಯ ಮೇಲಿನ ಕೋಣೆಗಳು ಸರಿಯಾಗಿ ಬಡಿಯದೆ ಸುಮ್ಮನೆ ನಡುಗುತ್ತವೆ, ನಾಡಿ ತಾಳ ತಪ್ಪಿ ಓಡುತ್ತದೆ. ಹಾಗೆ ನಿಂತ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ತಲೆಗೆ ಹೋದರೆ ಲಕ್ವಾ. ಅಂಥವರ ಬಡಿತಗಳೆಲ್ಲ ನಮ್ಮ ಫಿಲ್ಟರಿಗೆ ಕೈ ಅಲುಗಿದಂತೆಯೇ ಕಾಣುತ್ತವೆ.

ಪ್ರಜ್ಞಾ ತಾನೇ ಇನ್ನೆರಡು ರೆಕಾರ್ಡಿಂಗು ತೆರೆದು ನೋಡಿದಳು. “ಆ ರೂಲ್ ನಾನೇ ಬರೆದದ್ದು ಆಂಟಿ. ಟೆಸ್ಟಿಂಗ್ ಮಾಡಿದ್ದು ಆಫೀಸಿನವರ ಮೇಲೇ, ಸಬ್ ಅಪ್ನೇ ಲೋಗ್. ಎಲ್ಲರೂ ಹೆಲ್ದಿ.”

ನಾನು ಡಾಕ್ಟರಲ್ಲ. ಕ್ಯಾಮೆರಾದ ಗೆರೆ ನೋಡಿ ರೋಗದ ಹೆಸರು ಹೇಳುವ ಅಧಿಕಾರ ನನಗಿಲ್ಲ. ಆದರೆ ಒಂದು ಇಸಿಜಿ ತಕ್ಷಣ ಬೇಕು ಎಂದು ಹೇಳಲು ಅಧಿಕಾರ ಯಾಕೆ ಬೇಕು? ಮೌಲಾಸಾಬರಿಂದ ನಂಬರ್ ಪಡೆದು ಹುಸೇನಬಿಗೆ ನಾನೇ ಫೋನ್ ಮಾಡಿದೆ. ಮೆಲ್ಲಗಿನ ದನಿ. ನಾನು ಯಾರೆಂದು ಹೇಳುತ್ತಲೇ ಆಕೆಗೆ ಗಾಬರಿ.

“ನನ್ನ ಬೆರಳ ಸರಿ ಇಲ್ಲೇನ್ರಿ ಅಕ್ಕಾರ? ಎಷ್ಟು ಸರ್ತಿ ಇಟ್ರೂ ಕೆಂಪ ಬರ್ತದ. ಒಂದು ಬೆರಳ ನೆಟ್ಟಗ ಇಡಾಕ ಬರೂದಿಲ್ಲೇನು ಅಂತ ಇವ್ರು ಬೈತಾರ್ರಿ. ನೀವು ಹೇಳಿದಂಗ ಕೈ ತಿಕ್ಕೊಂಡು, ಮೊಣಕೈ ನೆಲಕ್ಕ ಹಚ್ಚಿ ಇಟ್ಟೀನಿ.”

“ನಿಮ್ಮ ಬೆರಳು ಸರಿ ಉಂಟಮ್ಮ. ತಪ್ಪು ನಮ್ಮದು,” ಎಂದೆ.

ಏನೇನಾಗುತ್ತದೆ ಎಂದು ಒಂದೊಂದಾಗಿ ಕೇಳಿದೆ. ಕೊಡ ತುಂಬಿ ತರುವಷ್ಟರಲ್ಲಿ ಎರಡು ಕಡೆ ಕೂರಬೇಕಾಗುತ್ತದೆ ಎಂದಳು. ಎದೆಯಲ್ಲಿ ಪಾರಿವಾಳ ಪಟಪಟ ಅಂದಂತಾಗುತ್ತದೆ ಎಂದಳು. ಮತ್ತೇನಾದರೂ ಆಗಿತ್ತೇ ಎಂದು ಕೆದಕಿದೆ.

“ಹೋದ ಐತ್ವಾರ ಮುಂಜಾನಿ ಅತ್ತಿಗಿ ಚಾ ಕುಡಸ್ಲಾಕತ್ತಿದ್ನಿ. ಬಲಗೈಯಾಗಿನ ಬಟ್ಟಲ ಜಾರಿ ಬಿತ್ರಿ. ಮಾತಾಡಬೇಕಂದ್ರ ನಾಲಿಗಿ ಹೊಳ್ಳಲಿಲ್ಲ. ಅರ್ಧಾ ತಾಸಿಗಿ ಎಲ್ಲಾ ಸರಿ ಆತು. ಇವ್ರ ಮುಂದ ಹೇಳಬ್ಯಾಡ್ರಿ.”

ಅದು ಲಕ್ವಾ ಬಾಗಿಲ ತನಕ ಬಂದು ಹೋದ ಲಕ್ಷಣ. ಆ ಭಾನುವಾರ ನನ್ನ ಹತ್ತು ದಿನಗಳ ಒಳಗೇ ಇತ್ತು. ನಾನು ವರದಿಯ ಅಂಕಿಗಳನ್ನು ತಿದ್ದುತ್ತ ಕೂತಿದ್ದಾಗ, ತಾಳಿಕೋಟೆಯ ಹತ್ತಿರ ಒಂದು ಬಟ್ಟಲು ನೆಲಕ್ಕೆ ಬಿದ್ದಿತ್ತು.

ಆಕೆಯ ಕೋರಿಕೆಯನ್ನು ನಡೆಸಿಕೊಡಲಿಲ್ಲ. ಮರುನಿಮಿಷವೇ ಮೌಲಾಸಾಬರಿಗೆ ಎಲ್ಲ ಹೇಳಿದೆ. ಅವರು ತಂಗಿಗೆ ಫೋನ್ ಮಾಡಿದರು. ತಂಗಿ ಬಂದು ತಾಯಿಯ ಬಳಿ ಕೂತಳು, ತಂಗಿಯ ಗಂಡ ಹುಸೇನಬಿಯನ್ನು ಜೀಪಿನಲ್ಲಿ ವಿಜಯಪುರಕ್ಕೆ ಕರೆದೊಯ್ದ. ಮಧ್ಯಾಹ್ನ ಮೂರರ ಹೊತ್ತಿಗೆ ಇಸಿಜಿಯ ಫೋಟೊ ನನ್ನ ಫೋನಿಗೆ ಬಂತು. ಏಟ್ರಿಯಲ್ ಫಿಬ್ರಿಲೇಷನ್. ಮರುದಿನ ಎಕೋ, ಗುಂಡಿಗೆಯ ಸ್ಕ್ಯಾನ್, ಮಾಡಿದಾಗ ಮೂಲವೂ ಸಿಕ್ಕಿತು. ಚಿಕ್ಕಂದಿನಲ್ಲಿ ಕೀಲು ನೋವಿನ ಜ್ವರ ಬಂದು, ಗುಂಡಿಗೆಯ ಮೈಟ್ರಲ್ ಕವಾಟ ವರ್ಷ ವರ್ಷ ಅಂಟಿಕೊಳ್ಳುತ್ತ ಕಿರಿದಾಗಿತ್ತು. ರಕ್ತ ತೆಳುವಾಗಿಸುವ ಔಷಧಿ ಶುರುಮಾಡಿ, ಬಲೂನಿನಿಂದ ಕವಾಟ ಬಿಡಿಸಬೇಕು ಎಂದರು. ನನ್ನ ಹಳೆಯ ಆಸ್ಪತ್ರೆಯ ಹೃದ್ರೋಗ ವಿಭಾಗದಲ್ಲಿ ನಾನು ಮಾತಾಡಿದೆ. ಅವರು ಬರಲಿ ಎಂದರು.

ಡಿಸೆಂಬರ್ ಮೊದಲ ವಾರದಲ್ಲಿ ಸೊಲ್ಲಾಪುರದ ಕಡೆಯಿಂದ ಬರುವ ಗಾಡಿಯಲ್ಲಿ, ನಾದಿನಿಯ ಗಂಡನೊಂದಿಗೆ ಹುಸೇನಬಿ ದಾದರಿಗೆ ಬಂದಳು. ಸೇತುವೆಯ ಮೆಟ್ಟಿಲು ಹತ್ತಲಾರಳೆಂದು ಗಾಲಿಕುರ್ಚಿಗೆ ಹೇಳಿ ನಾನೂ ಪ್ಲಾಟ್‌ಫಾರ್ಮಿನಲ್ಲಿದ್ದೆ. ಗಂಡ ಹೆಂಡಿರು ಮುಖ ನೋಡಿ ಹನ್ನೊಂದು ತಿಂಗಳಾಗಿತ್ತು. ಬಾಗಿಲಲ್ಲಿ ನಿಂತ ಆಕೆಯನ್ನು ಮೌಲಾಸಾಬರು ನೋಡಿದರು. ತೆಳ್ಳಗಾಗಿದ್ದಳು, ತುಟಿಗಳಲ್ಲಿ ನೀಲಿ ಛಾಯೆ.

“ಚೀಲ ಕೊಡು,” ಎಂದರು.

“ಭಾರ ಇಲ್ಲ.”

“ಕೊಡು.”

ಅಷ್ಟೇ ಮಾತು. ಚೀಲ ತೆಗೆದುಕೊಂಡ ಮೇಲೂ ಅವರು ಆಕೆಯ ಕೈ ಬಿಡಲಿಲ್ಲ. ಪಕ್ಕಕ್ಕೆ ಸರಿಯಿರೆಂದು ಗಾಲಿಕುರ್ಚಿ ತಳ್ಳುವ ಹಮಾಲ ನಾಲ್ಕು ಸಲ ‘ಬಾಜೂ ಹೋ ಜಾವ್ ಚಾಚಾ’ ಎಂದ ಮೇಲೆ ಬಿಟ್ಟರು.

ಆಸ್ಪತ್ರೆಯಲ್ಲಿ ಅನ್ನನಾಳದೊಳಗೆ ನಳಿಕೆ ಇಳಿಸಿ ಎಕೋ ಮಾಡಿದಾಗ ಗುಂಡಿಗೆಯ ಮೇಲಿನ ಎಡಕೋಣೆಯಲ್ಲಿ ಒಂದು ಹೆಪ್ಪುಗಡ್ಡೆ ಕಂಡಿತು. ಗಡ್ಡೆ ಇರುವಾಗ ಬಲೂನು ಹಾಕುವಂತಿಲ್ಲ. ತಂತಿ ತಗುಲಿ ಅದು ಕಳಚಿಕೊಂಡರೆ ತಲೆಗೆ ಹೋಗುತ್ತದೆ. ಮೂರು ತಿಂಗಳು ಮಾತ್ರೆ ಕೊಟ್ಟು ಕರಗಿಸಿ ಮತ್ತೆ ನೋಡೋಣ, ರಕ್ತವನ್ನು ಆಗಾಗ ಪರೀಕ್ಷಿಸುತ್ತಿರಬೇಕು, ಮುಂಬಯಿ ಬಿಡಬೇಡಿ ಎಂದರು ಡಾಕ್ಟರು. ಮೌಲಾಸಾಬರು ಇಷ್ಟು ವರ್ಷ ಮಲಗುತ್ತಿದ್ದದ್ದು ಕಾರ್ಖಾನೆಯಲ್ಲಿಯೇ, ಉಳಿದ ಕಾರೀಗರರ ಜೊತೆ. ಸಹಕೆಲಸಗಾರರೊಬ್ಬರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಉತ್ತರಪ್ರದೇಶದ ಊರಿಗೆ ಹೊರಟಿದ್ದವರು ತಮ್ಮ ನೆಲಮಟ್ಟದ ಖೋಲಿಯ ಬೀಗದ ಕೈ ಕೊಟ್ಟರು.

ಹೀಗೆ ಆ ಗಡ್ಡೆಯ ಕಾರಣದಿಂದ ಅವರಿಬ್ಬರೂ ಒಂದು ಸೂರಿನಡಿ ಬಂದರು. ಮೌಲಾಸಾಬರು ಒಮ್ಮೆ ಬೆರಳು ಮಡಚಿ ನನಗೆ ಲೆಕ್ಕ ಹೇಳಿದ್ದರು: “ವರ್ಷಕ್ಕ ಎರಡು ತಿಂಗಳ ಸೂಟಿ ಹಿಡೀರಿ. ಇಪ್ಪತ್ತೇಳು ವರ್ಷದ ಸಂಸಾರದಾಗ ಜೋಡಿ ಇದ್ದದ್ದು ನಾಕೂವರಿ ವರ್ಷ ಆಗ್ತದ್ರಿ.”

ನಾನು ವಾರದ ಧಾರಾವಿ ಭೇಟಿಯಲ್ಲಿ ಅವರ ಖೋಲಿಗೂ ಹೋಗಿ ಬರುತ್ತಿದ್ದೆ. ಹತ್ತಡಿ ಉದ್ದದ ಕೋಣೆ, ಹೊಸ್ತಿಲಿಗೆ ತಾಗಿದಂತೆಯೇ ಗಲ್ಲಿ. ಮೌಲಾಸಾಬರು ಒಂದೂವರೆಗೆ ಊಟಕ್ಕೆ ಮನೆಗೆ ಬರುತ್ತಿದ್ದರು. ಇಷ್ಟು ವರ್ಷ ಖಾನಾವಳಿಯಲ್ಲಿ ನಿಂತು ಉಂಡವರು. ಒಂದು ಗಂಟೆಗೇ ಹುಸೇನಬಿ ಬಾಗಿಲಿಗೆ ಬಂದು ಕೂರುತ್ತಿದ್ದಳು.

“ಅವ್ರಿಗಿ ಉಪ್ಪು ಕಮ್ಮಿ ಬೇಕಂತ ಈಗ ಗೊತ್ತಾತ್ರಿ ಅಕ್ಕಾರ,” ಎಂದಳು ಒಂದು ದಿನ. “ಊರಿಗಿ ಬಂದಾಗ ಬೀಗರಂಗ ಹಾಕಿದ್ದು ಉಂಡು ಏಳ್ತಿದ್ರು.”

ಆ ಮಾತು ಬೊರಿವಲಿ ತನಕ ನನ್ನ ಜೊತೆ ಲೋಕಲಿನಲ್ಲಿ ಬಂತು. ನನ್ನ ಗಂಡ ಫೋರ್ಟಿನ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದವರು. ನಸುಕಿನ ಗಾಡಿಗೆ ಹೋದರೆ ನಾನು ಮಲಗಿದ ಮೇಲೆ ಬರುತ್ತಿದ್ದರು. ಭಾನುವಾರ ನನಗೆ ರಜೆ, ಅವರಿಗೆ ಅಂದೇ ಹೆಚ್ಚು ಗಿರಾಕಿ. ಮೂವತ್ತು ವರ್ಷ ಒಂದೇ ಬೀಗಕ್ಕೆ ಎರಡು ಕೀಲಿಕೈ ಇಟ್ಟುಕೊಂಡು ಬದುಕಿದೆವು. ನಿವೃತ್ತಿಯಾಗಲಿ, ನಿಧಾನವಾಗಿ ಮಾತಾಡೋಣ ಎಂದುಕೊಂಡಿದ್ದೆವು. ಅವರಿಗೆ ಆ ದಿನ ಬರಲೇ ಇಲ್ಲ. ಅವರಿಗೆ ಉಪ್ಪು ಎಷ್ಟು ಬೇಕಿತ್ತು ಎಂದು ಯೋಚಿಸಿದೆ. ಗೊತ್ತಾಗಲಿಲ್ಲ.

ಜನವರಿಯಲ್ಲಿ ತೊಡಕು ಶುರುವಾಯಿತು. ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐಎನ್‌ಆರ್ ಎಂಬ ಪರೀಕ್ಷೆಯಿದೆ. ಹುಸೇನಬಿಗೆ ಅದು ಎರಡರಿಂದ ಮೂರರ ನಡುವೆ ಇರಬೇಕಿತ್ತು. ಮೊದಲ ವಾರಗಳಲ್ಲಿ ಅಲ್ಲಿಗೆ ಬಂದಿದ್ದದ್ದು ಆಮೇಲೆ 1.3ಕ್ಕೆ ಇಳಿದು ಅಲ್ಲಿಯೇ ನಿಂತಿತು. ಹಸಿರು ಸೊಪ್ಪು ಬಹಳ ತಿಂದರೆ ಹಾಗಾಗುವುದುಂಟು. “ಮನೆಯಲ್ಲಿ ಏನು ತಿನ್ನುತ್ತಾರೆ ನೋಡಿ ಬನ್ನಿ ವಸಂತಿ ಅಕ್ಕ, ಇಲ್ಲವಾದರೆ ಮುಂದಿನ ವಾರ ಮಾತ್ರೆ ಜಾಸ್ತಿ ಮಾಡುತ್ತೇನೆ,” ಎಂದು ಡಾಕ್ಟರು ಮರಾಠಿಯಲ್ಲಿ ನನಗೇ ಹೇಳಿದರು.

ನಾನು ಹೋದಾಗ ಹುಸೇನಬಿ ಜೋಳದ ರೊಟ್ಟಿ ತಟ್ಟುತ್ತಿದ್ದಳು. ಸೊಪ್ಪು ವಾರಕ್ಕೊಂದು ಸಲ, ಅದೂ ಹಿಡಿಯಷ್ಟು ಎಂದಳು. ಮಾತ್ರೆ ಎಲ್ಲಿಡುತ್ತೀರಿ ಎಂದಾಗ ಕಪಾಟಿನ ಕಡೆ ಕೈ ತೋರಿದಳು. ಮಾತ್ರೆಯ ಪಟ್ಟಿಯ ಪಕ್ಕ ಅಡಿಕೆಯ ಒಂದು ತಗಡಿನ ಡಬ್ಬಿಯಿತ್ತು. ಯಾಕೋ ತೆರೆದೆ. ಒಳಗೆ ಮುರಿದ ಅರ್ಧ ಮಾತ್ರೆಗಳು. ಹದಿನಾಲ್ಕು.

ತಿರುಗಿ ನೋಡಿದೆ. ಆಕೆಯ ಕೈ ಹಿಟ್ಟಿನ ಮೇಲೆಯೇ ನಿಂತಿತ್ತು.

“ಗುಂಡಿಗಿ ನೆಟ್ಟಗಾದ್ರ ಊರಿಗಿ ಹೋಗಬೇಕಲ್ರಿ ಅಕ್ಕಾರ,” ಎಂದಳು. “ಅತ್ತಿ ಅದಾಳ. ನಾದಿನಿ ಎಷ್ಟು ದಿನ ನೋಡ್ಯಾಳು? ಹೋಗೂದು ನನಗೂ ಗೊತ್ತದ. ಇನ್ನ ನಾಕ ದಿನ ಇರಾಮು ಅಂತ ಅರ್ಧಾ ಮಾಡಿ ತಗೊಂಡ್ನಿ.”

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆಕೆಯ ಎದುರು ನೆಲದ ಮೇಲೆ ಕೂತೆ.

“ಅರ್ಧ ಮಾತ್ರೆಯಿಂದ ನಾಲ್ಕು ದಿನ ಸಿಗುವುದಿಲ್ಲಮ್ಮ. ಆ ಗಡ್ಡೆ ತಲೆಗೆ ಹೋದರೆ ಅತ್ತೆಯ ಹಾಸಿಗೆ ಪಕ್ಕ ನಿಮಗೂ ಒಂದು ಹಾಸಿಗೆ ಹಾಸಬೇಕಾಗ್ತದೆ. ಆಗ ಅವರು ದಿನವಿಡೀ ನಿಮ್ಮ ಪಕ್ಕದಲ್ಲೇ ಕೂತರೂ, ಅವರ ಹೆಸರು ಕರೆಯಲಿಕ್ಕೆ ನಿಮಗೆ ನಾಲಿಗೆ ಇರ್ಲಿಕ್ಕಿಲ್ಲ.”

ಆಕೆ ಅಳಲಿಲ್ಲ. ಹಿಟ್ಟಿನ ಕೈ ತೊಳೆದು ಬಂದು ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ಇವರಿಗೆ ಹೇಳಬೇಡಿ ಎಂದು ಮತ್ತೆ ಬೇಡಿಕೊಂಡಳು. ಈ ಸಲ ಮಾತು ಕೊಟ್ಟೆ. ಅದಕ್ಕೆ ಬದಲಾಗಿ, ದಿನವೂ ಸಂಜೆ ವಿಡಿಯೋ ಕಾಲ್‌ನಲ್ಲಿ ನನ್ನೆದುರೇ ಇಡೀ ಮಾತ್ರೆ ನುಂಗಬೇಕೆಂದು ಮಾತು ತೆಗೆದುಕೊಂಡೆ. ಡಾಕ್ಟರಿಗೆ ಮಾತ್ರ ನಿಜ ಹೇಳಿದೆ. ಹೇಳದಿದ್ದರೆ ಅವರು ಪ್ರಮಾಣ ಹೆಚ್ಚಿಸಿ, ಆಕೆ ಇಡೀ ಮಾತ್ರೆ ನುಂಗಿ, ಎಲ್ಲಾದರೂ ರಕ್ತಸ್ರಾವವಾಗುವ ಅಪಾಯವಿತ್ತು. ಅವರು ಕನ್ನಡಕ ತೆಗೆದು ಒರೆಸಿ, ಚೀಟಿಯಲ್ಲಿ ಹಳೆಯ ಪ್ರಮಾಣವನ್ನೇ ಬರೆದರು.

ಎರಡು ವಾರದಲ್ಲಿ ಐಎನ್‌ಆರ್ ಎರಡು ದಾಟಿತು. ಮಾರ್ಚ್ ಮೊದಲ ವಾರ ಮತ್ತೆ ನಳಿಕೆಯ ಎಕೋ ಮಾಡಿದಾಗ ಗಡ್ಡೆ ಕರಗಿತ್ತು. ಎರಡು ದಿನದ ನಂತರ ತೊಡೆಯ ರಕ್ತನಾಳದ ಮೂಲಕ ಬಲೂನನ್ನು ಕವಾಟದ ತನಕ ಒಯ್ದು ಉಬ್ಬಿಸುವುದೆಂದಾಯಿತು. ಬೆಳಿಗ್ಗೆ ಹತ್ತಕ್ಕೆ ಆಕೆಯನ್ನು ಒಳಗೆ ಕರೆದುಕೊಂಡರು. ಹೊರಗಿನ ಬೆಂಚಿನಲ್ಲಿ ನಾನು, ಮೌಲಾಸಾಬರು. ಅರ್ಧ ಗಂಟೆ ಅವರು ಟೋಪಿಯನ್ನು ತೆಗೆಯುವುದು, ಹಾಕಿಕೊಳ್ಳುವುದು ಮಾಡಿದರು.

“ಅಕ್ಕಾರ, ಒಂದು ಮಾತು ಹೇಳ್ತೀನಿ. ಹೇಳದಿದ್ರ ಅಲ್ಲಾಹ್‌ ಮಾಫ್‌ ಮಾಡೂದಿಲ್ಲ. ಆ ಅಡಿಕಿ ಡಬ್ಬಿ ನಾನೂ ನೋಡಿದ್ನಿ. ನಿಮಗಿಂತ ಮೊದಲ. ನಾಕ ದಿನ ಮೊದಲ. ನೀವು ಬಂದು ಹೋದ ದಿನ ಅದು ಕಪಾಟಿನಾಗ ಇರಲಿಲ್ಲ, ನೀವು ಒಯ್ದೀರಿ ಅಂತ ತಿಳೀತು.”

ನಾನು ಅವರ ಮುಖ ನೋಡಿದೆ.

“ಕೇಳಬೇಕು ಅಂತ ದಿನಾ ಬಾಯಿ ತಗೀತಿದ್ನಿ. ಊಟಕ್ಕ ಬಂದಾಗ ಆಕಿ ಬಾಗಲದಾಗ ಕುಂತಿರ್ತಿದ್ಲು. ನಾಳಿ ಕೇಳಾಮು ಅಂತ ಸುಮ್ಮಾಗ್ತಿದ್ನಿ.” ಟೋಪಿಯಲ್ಲಿ ಮುಖ ಮುಚ್ಚಿಕೊಂಡರು. “ಇವತ್ತು ಆಕಿಗೇನರ ಆದ್ರ, ಆ ನಾಕ ದಿನ ನನ್ನವು.”

ನನ್ನ ಬಳಿ ಹತ್ತು ದಿನಗಳಿದ್ದವು. ಅದನ್ನೇ ಹೇಳಿದೆ. ‘ಅಳಿಸಬೇಕು’ ಎಂದು ಗುರುತು ಹಾಕಿದ್ದು, ವರದಿ ಬರೆಯುತ್ತ ಮರೆತದ್ದು, ಅದರ ನಡುವೆ ಬಂದ ಭಾನುವಾರ, ಎಲ್ಲವನ್ನೂ. ಅವರು ಎದ್ದು ಕ್ಯಾಂಟೀನಿಗೆ ಹೋಗಿ ಎರಡು ಚಹಾ ತಂದು, ಒಂದನ್ನು ನನ್ನ ಕೈಯಲ್ಲಿಟ್ಟರು.

ಹನ್ನೆರಡಕ್ಕೆ ಮೊದಲೇ ಡಾಕ್ಟರು ಹೊರಗೆ ಬಂದು ಕವಾಟ ಚೆನ್ನಾಗಿ ತೆರೆದುಕೊಂಡಿದೆ ಎಂದರು. ಮೂರನೆಯ ದಿನ ಹುಸೇನಬಿ ಹಾಸಿಗೆಯಿಂದ ವಾರ್ಡಿನ ಬಾಗಿಲ ತನಕ ನಡೆದು, ನಿಲ್ಲದೆ ತಿರುಗಿ ಬಂದಳು. ತುಟಿಗೆ ಬಣ್ಣ ಬಂದಿತ್ತು. ರಮ್ಜಾನ್ ಎದುರಿಗಿತ್ತು, ಹಬ್ಬ ಮುಗಿಸಿಕೊಂಡು ಬರಲಿ ಎಂದು ಮೌಲಾಸಾಬರ ತಂಗಿಯೇ ಊರಿನಿಂದ ಹೇಳಿ ಕಳಿಸಿದಳು. ಮದುವೆಯಾದ ಮೇಲೆ ಮುಂಬಯಿಯಲ್ಲಿ ಅವರಿಬ್ಬರ ಮೊದಲ ಈದ್ ಅದು. ಹಾಲು ಶ್ಯಾವಿಗೆಯ ಶೀರ್‌ ಖುರ್ಮಾ ತುಂಬಿದ ಸ್ಟೀಲಿನ ಡಬ್ಬಿ ವಿಕ್ರೋಳಿಯ ಆಫೀಸಿಗೂ ಬಂತು. ಹಬ್ಬದ ಮುಂದಿನ ವಾರ ಖೋಲಿ ಬಿಟ್ಟುಕೊಟ್ಟಿದ್ದ ಸಹಕೆಲಸಗಾರರು ಊರಿನಿಂದ ಮರಳಿದರು, ಹುಸೇನಬಿ ಗಾಡಿ ಹತ್ತಿದಳು. ಮೌಲಾಸಾಬರು ಮತ್ತೆ ಕಾರ್ಖಾನೆಯಲ್ಲಿ ಹಾಸಿಗೆ ಹಾಸಿಕೊಂಡರು.

ಜೂನ್ ಹೊತ್ತಿಗೆ ನಮ್ಮ ಪ್ರಯೋಗ ಮುಗಿಯಿತು. ಪ್ರಜ್ಞಾ ಆ ನಿಯಮವನ್ನು ಕಿತ್ತು ಹೊಸದನ್ನು ಬರೆದಿದ್ದಳು. ತಾಳ ತಪ್ಪಿದ ನಾಡಿ ಬಂದರೆ ಈಗ ಆ್ಯಪ್ ‘ಮತ್ತೆ ಪ್ರಯತ್ನಿಸಿ’ ಎನ್ನದೆ ‘ಡಾಕ್ಟರಿಗೆ ತೋರಿಸಿ’ ಎನ್ನುತ್ತದೆ. ಪ್ರಯೋಗದ ಹಳೆಯ ಆ್ಯಪ್ ಎಲ್ಲರ ಫೋನಿನಲ್ಲಿಯೂ ನಿಂತುಹೋಗುತ್ತದೆ ಎಂಬ ಸಂದೇಶ ಹೋದ ಮರುದಿನ, ಮೌಲಾಸಾಬರು ಕೆಲಸಕ್ಕೆ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ವಿಕ್ರೋಳಿಗೆ ಬಂದರು. ಹುಸೇನಬಿ ಚೆನ್ನಾಗಿದ್ದಾಳೆ, ಮಾತ್ರೆ ತಪ್ಪಿಸುವುದಿಲ್ಲ, ವಿಜಯಪುರದಲ್ಲಿ ತೋರಿಸುತ್ತಿದ್ದಾಳೆ ಎಂದರು. ಆಮೇಲೆ ಪ್ರಜ್ಞಾಳ ಕಡೆ ತಿರುಗಿದರು.

“ಬೇಟಾ, ಅದು ಬಂದ್ ಆಗ್ತದಂತ. ನನಗ ನಂಬರ್ ಬ್ಯಾಡ. ಹಸಿರು ಕೆಂಪು ಏನೂ ಬ್ಯಾಡ. ಆಕಿ ಬೆರಳ ಇಟ್ಟಾಗ ಒಂದು ಗೆರಿ ಏರಿ ಇಳೀತದಲ್ಲ, ಅದು ಅಲ್ಲಿ ಇಟ್ಟದ್ದು ಇಲ್ಲಿ ನನ್ನ ಫೋನದಾಗ ಕಾಣೂವಂಗ ಮಾಡ್ಲಿಕ್ಕೆ ಬರ್ತದೇನು?”

ಪ್ರಜ್ಞಾ ನನ್ನ ಮುಖ ನೋಡಿದಳು. ಕಂಪನಿಯ ಯಾವ ಪಟ್ಟಿಯಲ್ಲಿಯೂ ಅಂಥ ಕೆಲಸವಿರಲಿಲ್ಲ. “ದೋ ದಿನ್ ದೀಜಿಯೇ ಚಾಚಾ,” ಎಂದಳು, ಮತ್ತೆ ತಡವರಿಸಿ ಕನ್ನಡದಲ್ಲಿ, “ನಾನು... ಮಾಡಿ ಕೊಡ್ತೇನೆ.” ಎರಡು ದಿನವೆಂದದ್ದು ವಾರವಾಯಿತು. ಬರಿ ಗೆರೆ ತೋರಿಸುವ, ಏನನ್ನೂ ಉಳಿಸಿಕೊಳ್ಳದ ಒಂದು ಪುಟ್ಟ ಆ್ಯಪ್. ಬಳಸುವವರು ಇಬ್ಬರೇ. ಮುಂದೊಂದು ದಿನ ಧಾರಾವಿಗೆ ಹೋದಾಗ ನೋಡಿದೆ. ಮಧ್ಯಾಹ್ನ ಒಂದೂವರೆ, ಮಷೀನುಗಳು ನಿಂತಿದ್ದವು. ಮೌಲಾಸಾಬರು ಬುತ್ತಿಯ ಪಕ್ಕ ಫೋನನ್ನು ಗೋಡೆಗೆ ಒರಗಿಸಿಟ್ಟು ಉಣ್ಣುತ್ತಿದ್ದರು. ಪರದೆಯ ಮೇಲೆ ಗೆರೆಯೊಂದು ಏರಿ ಇಳಿಯುತ್ತಿತ್ತು. ಇಬ್ಬರೂ ಮಾತಾಡುತ್ತಿರಲಿಲ್ಲ. ನಾನು ಒಳಗೆ ಹೋಗಲಿಲ್ಲ.

ನಾಡಿ ಎಂದರೆ ನಿಮಿಷಕ್ಕೆ ಇಷ್ಟು ಎಂಬ ಸಂಖ್ಯೆ, ಅದನ್ನು ಸರಿಯಾಗಿ ತೆಗೆದು ಡಾಕ್ಟರ ಮೇಜಿಗೆ ಮುಟ್ಟಿಸಿದರೆ ನನ್ನ ಕೆಲಸ ಮುಗಿಯಿತು ಎಂದು ಮೂವತ್ತು ವರ್ಷ ನಂಬಿದ್ದೆ. ನಾವು ಅಳೆಯುವ ಪ್ರತಿಯೊಂದು ನಾಡಿಗೂ ಕಾಯುತ್ತ ಕೂತ ಇನ್ನೊಬ್ಬರಿರುತ್ತಾರೆ ಎಂಬುದನ್ನು ಈ ಕೆಲಸ ನನಗೆ ತಡವಾಗಿ ಕಲಿಸಿತು. ಮುಂದಿನ ವರ್ಷ ನಾನು ಕೆಲಸ ಬಿಟ್ಟಾಗ, ನನ್ನ ಜಾಗಕ್ಕೆ ಬಂದ ಹುಡುಗಿಗೆ ಒಂದು ಪುಟದ ಟಿಪ್ಪಣಿ ಬರೆದು ಕೊಟ್ಟೆ. ಯಂತ್ರ, ಫೈಲು, ಪಾಸ್‌ವರ್ಡುಗಳ ವಿವರದ ಕೆಳಗೆ ಇಷ್ಟು ಸೇರಿಸಿದೆ: ತಿರಸ್ಕೃತವಾದದ್ದನ್ನು ಪ್ರತಿದಿನ ತೆರೆದು ನೋಡು. ಒಬ್ಬರದೇ ಮೂರು ಸಲ ಕಂಡರೆ ಅವರಿಗೆ ಫೋನ್ ಮಾಡು. ಬೆರಳು ಸರಿಯಾಗಿ ಇಡಿ ಎಂದು ಮೊದಲೇ ಹೇಳಬೇಡ. ಹೇಗಿದ್ದೀರಿ ಎಂದು ಕೇಳು, ಚೆನ್ನಾಗಿದ್ದೇನೆ ಎಂದರೆ ಇನ್ನೊಮ್ಮೆ ಕೇಳು.